ಪಾದದ ಸಿಆರ್‌ಪಿಎಸ್ ನೋವು ಮಳೆಗಾಲದಲ್ಲಿ ಮತ್ತೆ ಕೆರಳಿದೆ, ಕಾಲು ಕಟ್ಟಿಕೊಂಡು ಪೂರ್ತಿ ಮಲಗಬೇಕಾ?

ಬ್ರಹ್ಮಾವರ ಕ್ಯಾಷಿಯರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ನಾನು ಬ್ರಹ್ಮಾವರ ಹತ್ತಿರದ ಒಂದು ಸಹಕಾರಿ ಸೊಸೈಟಿಯಲ್ಲಿ ಕ್ಯಾಷಿಯರ್. ವಯಸ್ಸು 43. ಹೋದ ವರ್ಷ ಆಟಿ ತಿಂಗಳಲ್ಲಿ ಬಾವಿಗೆ ಇಳಿಯುವ ಮುರಕಲ್ಲಿನ ಮೆಟ್ಟಿಲಲ್ಲಿ ಪಾಚಿಗೆ ಜಾರಿದೆ. ಬಲಪಾದದ ಹೊರಬದಿಯಲ್ಲಿ, ಕಿರುಬೆರಳಿನ ಹಿಂದಿನ ಎಲುಬು ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್ ಹಾಕಿದರು. ಪ್ಲಾಸ್ಟರ್ ಒಳಗೇ ಉರಿ ಶುರುವಾಗಿತ್ತು. ಬಿಚ್ಚಿದಾಗ ಪಾದ ಊದಿಕೊಂಡು, ನೇರಳೆ ಬಣ್ಣಕ್ಕೆ ತಿರುಗಿ, ಚರ್ಮ ಹೊಳೆಯುತ್ತಿತ್ತು. ಫ್ಯಾನಿನ ಗಾಳಿ ತಾಗಿದರೂ ನೋವು. ಹೊದಿಕೆ ತಾಗಿದರೂ ನೋವು. ಎಕ್ಸ್‌ರೇ ನೋಡಿದವರೆಲ್ಲ "ಎಲುಬು ಕೂಡಿದೆ, ಇನ್ನೇನೂ ಇಲ್ಲ" ಅಂದರು. ಒಂದು ಕಡೆ "ನೀವು ಜಾಸ್ತಿ ಯೋಚನೆ ಮಾಡ್ತೀರಿ" ಅಂತಲೂ ಹೇಳಿ ಕಳಿಸಿದರು. ಆ ಮಾತು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಕೊನೆಗೆ ಪೇನ್ ಕ್ಲಿನಿಕ್ಕಿನ ಡಾಕ್ಟರ್ ಎರಡೂ ಪಾದಗಳನ್ನು ಪಕ್ಕಪಕ್ಕ ಇಡಿಸಿ, ಮುಟ್ಟಿ, ಬಿಸಿ ತಣ್ಣಗೆ ಹೋಲಿಸಿ, ಉಗುರು, ಕೂದಲು, ಬೆವರು ಎಲ್ಲ ನೋಡಿ ಇದು ಸಿಆರ್‌ಪಿಎಸ್ ಅಂದರು. ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್, ಅಂದರೆ ಗಾಯ ಮಾಗಿದ ಮೇಲೂ ಆ ಅಂಗದಲ್ಲಿ ಉರಿನೋವು, ಊತ ಉಳಿದುಬಿಡುವ ಕಾಯಿಲೆ. ಮಾತ್ರೆ, ಫಿಸಿಯೋಥೆರಪಿ ಎರಡೂ ಶುರುವಾಯಿತು. ಚಳಿಗಾಲ ಮುಗಿಯುವಷ್ಟರಲ್ಲಿ ಚಪ್ಪಲಿ ಹಾಕಿ ಬಸ್ ಸ್ಟಾಪಿನವರೆಗೆ ನಡೆಯುವಷ್ಟು ಆಗಿತ್ತು. ನಿಜವಾಗಿಯೂ ಸಂತೋಷದಲ್ಲಿದ್ದೆ.

ಮೇ ಕೊನೆಗೆ ನಾದಿನಿಯ ಮಗಳ ಮದುವೆ. ಹಿಂದಿನ ರಾತ್ರಿ ಮೆಹಂದಿ, ಮರುದಿನ ಹಾಲ್‌ನಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತೇ ಇದ್ದೆ. ಅದರ ಬೆನ್ನಿಗೇ ಮಳೆ ಹಿಡಿಯಿತು. ಈಗ ಪಾದ ಮಧ್ಯಾಹ್ನ ಕೆಂಪಾಗಿ ಉರಿಯುತ್ತದೆ, ರಾತ್ರಿ ತಣ್ಣಗಾಗಿ ನೀಲಿ ಆಗುತ್ತದೆ. ಬೆರಳು ಮಡಚಲು ಆಗುವುದಿಲ್ಲ. ನಮ್ಮದು ರೆಡ್ ಆಕ್ಸೈಡ್ ನೆಲ, ಕಾಲಿಟ್ಟರೆ ಆ ತಂಪಿಗೇ ಜೀವ ಹೋಗುತ್ತದೆ. ನಿದ್ದೆ ಇಲ್ಲ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅತ್ತೆ ಎಣ್ಣೆ ಬಿಸಿ ಮಾಡಿ ಉಜ್ಜಿ ಬಿಗಿ ಕಟ್ಟು ಹಾಕಿಸು ಅನ್ನುತ್ತಾರೆ. ಅಕ್ಕ ಐಸ್ ಇಡು ಅನ್ನುತ್ತಾಳೆ. ಇವರು ರಜೆ ಹಾಕಿ ಒಂದು ತಿಂಗಳು ಕಾಲು ನೆಲಕ್ಕೆ ಇಡಲೇಬೇಡ ಅನ್ನುತ್ತಾರೆ. ಎಲ್ಲರದ್ದೂ ಪ್ರೀತಿಯೇ, ನನಗೆ ಗೊತ್ತು. ಆದರೆ ಫಿಸಿಯೋ ಆಗ ಹೇಳಿದ್ದು "ಕಾಲನ್ನು ಬಳಸದೆ ಬಿಡಬೇಡಿ" ಅಂತ. ಇಷ್ಟು ನೋವಿರುವಾಗಲೂ ಅದೇ ಮಾತಾ? ನನ್ನ ಡಾಕ್ಟರ್ ಊರಲ್ಲಿಲ್ಲ, ಮುಂದಿನ ವಾರ ಸಿಗುತ್ತಾರೆ. ಅಲ್ಲಿವರೆಗೆ ಏನು ಮಾಡಲಿ? ಅನುಭವ ಇದ್ದವರು ಹೇಳಿ.

ಪುತ್ತೂರು ಕಡೆಯವ

ಅಕ್ಕ, ನಮ್ಮ ಅಪ್ಪನಿಗೆ ಕಾಲು ಉಳುಕಿದಾಗ ನಮ್ಮೂರಲ್ಲಿ ಉಳುಕು ತೆಗೆಯುವವರ ಹತ್ತಿರ ಹೋಗಿ ಎಳೆಸಿ, ಎಣ್ಣೆ ಹಾಕಿ ಕಟ್ಟು ಕಟ್ಟಿಸಿದೆವು. ಎರಡು ವಾರದಲ್ಲಿ ತೋಟಕ್ಕೆ ಇಳಿದರು. ನಿಮ್ಮ ಅತ್ತೆ ಹೇಳುವುದನ್ನು ಒಮ್ಮೆ ಮಾಡಿ ನೋಡಬಹುದು ಅಂತ ನನಗೆ ಅನಿಸುತ್ತದೆ.

ಸುರತ್ಕಲ್ ಫಿಸಿಯೋ

ಬ್ರಹ್ಮಾವರದ ಅಕ್ಕ, ನಾನು ಫಿಸಿಯೋಥೆರಪಿಸ್ಟ್. ನಿಮ್ಮ ಪಾದವನ್ನು ನೋಡಿಲ್ಲ, ಹಾಗಾಗಿ ಸಾಮಾನ್ಯವಾಗಿ ಏನು ಮಾಡುತ್ತೇವೆ ಅದನ್ನಷ್ಟೇ ಹೇಳುತ್ತೇನೆ.

ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಸಿಆರ್‌ಪಿಎಸ್ ಇದೆ ಅಂತ ಎಲ್ಲ ಊತವನ್ನೂ ಅದರ ಲೆಕ್ಕಕ್ಕೇ ಹಾಕಬಾರದು. ಒಂದೇ ಕಾಲಿನ ಮೀನಖಂಡ ಊದಿ ಬಿಗಿಯಾಗಿ ನೋಯುತ್ತಿದೆಯಾ? ಹಾಗಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ಕ್ಷಣವೂ ಕಾಯಬೇಡಿ. ಜ್ವರ, ಬೆರಳ ಸಂದಿಯಲ್ಲಿ ಗಾಯ, ಮೇಲಕ್ಕೆ ಹಬ್ಬುವ ಕೆಂಪು ಇದ್ದರೆ ಸೋಂಕು. ಮಳೆಗಾಲದಲ್ಲಿ ಒದ್ದೆ ಕಾಲಿನಿಂದ ಇದು ನಮ್ಮ ಕಡೆ ಜಾಸ್ತಿ. ಮತ್ತೆ ಬಿದ್ದಿದ್ದರೆ, ಎಲುಬಿನ ಒಂದೇ ಜಾಗ ಒತ್ತಿದರೆ ವಿಪರೀತ ನೋವಿದ್ದರೆ ಎಕ್ಸ್‌ರೇ ಬೇಕು. ಇವುಗಳಲ್ಲಿ ಒಂದಿದ್ದರೂ ಮುಂದಿನ ವಾರದವರೆಗೆ ಕಾಯದೆ ಇವತ್ತೇ ಯಾವುದಾದರೂ ಡಾಕ್ಟರಿಗೆ ತೋರಿಸಿ.

ಅವು ಯಾವುದೂ ಇಲ್ಲ, ಹಳೆಯ ನೋವೇ ಜೋರಾಗಿದೆ ಅಂತಾದರೆ ಇದು ಫ್ಲೇರ್. ನಿಮ್ಮ ಫಿಸಿಯೋ ಹೇಳಿದ್ದು ಸರಿ. ಪೂರ್ತಿ ಮಲಗಬೇಡಿ. ಹಾಗಂತ ಹಲ್ಲುಕಚ್ಚಿ ಮೊದಲಿನಷ್ಟೇ ಮಾಡುವುದೂ ಬೇಡ. ಸುಮಾರು ಅರ್ಧಕ್ಕೆ ಇಳಿಸಿ, ಆದರೆ ಸೊನ್ನೆಗೆ ಇಳಿಸಬೇಡಿ. ಹತ್ತು ನಿಮಿಷ ಒಟ್ಟಿಗೆ ನಡೆಯುತ್ತಿದ್ದವರು ಎರಡೆರಡು ನಿಮಿಷ, ಮಧ್ಯೆ ಕೂತು, ಎರಡು ಮೂರು ಸಲ ನಡೆಯಿರಿ. ನೋವು ಏರಿದ ಮೇಲೆ ನಿಲ್ಲಿಸುವುದಲ್ಲ, ಗಡಿಯಾರ ನೋಡಿ ನಿಲ್ಲಿಸುವುದು. ಇದು ಬಹಳ ಮುಖ್ಯ.

ಯಾಕೆ ಅಂತ ಗೊತ್ತಾದರೆ ಧೈರ್ಯ ಬರುತ್ತದೆ. ಒಮ್ಮೆ ಮನೆಗೆ ಕಳ್ಳ ಬಂದ ಮೇಲೆ ನಾಯಿ ಅಡಿಕೆ ಹಾಳೆ ಬಿದ್ದರೂ ಬೊಗಳುತ್ತದಲ್ವಾ, ನಿಮ್ಮ ನರಗಳು ಈಗ ಆ ಸ್ಥಿತಿಯಲ್ಲಿವೆ. ಬಟ್ಟೆ ತಾಗಿದ್ದನ್ನೂ ಏಟು ಬಿದ್ದಂತೆ ಮಿದುಳಿಗೆ ತಿಳಿಸುತ್ತವೆ. ಸಣ್ಣ ರಕ್ತನಾಳಗಳನ್ನು ಹಿಗ್ಗಿಸಿ ಕುಗ್ಗಿಸುವ ವ್ಯವಸ್ಥೆಯೂ ಹದ ತಪ್ಪಿರುತ್ತದೆ. ಅದಕ್ಕೇ ಬಿಸಿ, ತಣ್ಣಗೆ, ಬೆವರು, ಬಣ್ಣ ಬದಲಾಗುವುದು. ನೋವು ನೂರಕ್ಕೆ ನೂರು ನಿಜ. ಆದರೆ ನೋವು ಜಾಸ್ತಿಯಾದ ಮಾತ್ರಕ್ಕೆ ಎಲುಬು ಮತ್ತೆ ಮುರಿಯುತ್ತಿದೆ ಅಂತಲ್ಲ. ಕಾಲನ್ನು ಅಲುಗಾಡಿಸದೆ ಇಟ್ಟರೆ ಕೀಲು ಬಿಗಿಯಾಗುತ್ತದೆ, ಸ್ನಾಯು ಸೊರಗುತ್ತದೆ, ಎಲುಬಿನ ಸುಣ್ಣ ಇಳಿಯುತ್ತದೆ, ಮಿದುಳಿಗೂ ಆ ಪಾದದ ಗುರುತು ಮಸುಕಾಗುತ್ತದೆ.

ಐಸ್ ಖಂಡಿತ ಬೇಡ. ಬಿಸಿನೀರು, ತಣ್ಣೀರು ಅದಲುಬದಲು ಇಡುವುದೂ ಬೇಡ. ಪುತ್ತೂರಿನ ಅಣ್ಣ ಒಳ್ಳೆಯ ಮನಸ್ಸಿನಿಂದ ಹೇಳಿದ್ದಾರೆ. ಬರೀ ಉಳುಕಿನ ಮಾತೇ ಬೇರೆ. ಸಿಆರ್‌ಪಿಎಸ್ ಇರುವ ಕಾಲನ್ನು ಎಳೆಯುವುದು, ಜೋರಾಗಿ ಉಜ್ಜುವುದು, ಬಿಗಿ ಕಟ್ಟುವುದು ಫ್ಲೇರನ್ನು ಇನ್ನೂ ಹೊತ್ತಿಸುತ್ತದೆ.

ನಿಮಗೆ ಕನ್ನಡಿ ವ್ಯಾಯಾಮ ಹೇಳಿಕೊಟ್ಟಿದ್ದಾರಾ? ಎರಡು ಕಾಲಿನ ಮಧ್ಯೆ ಉದ್ದ ಕನ್ನಡಿ ನಿಲ್ಲಿಸಿ, ನೋಯುವ ಕಾಲು ಕನ್ನಡಿಯ ಹಿಂದೆ ಮರೆಯಾಗುವಂತೆ ಕೂತು, ಒಳ್ಳೆಯ ಕಾಲನ್ನು ನಿಧಾನ ಆಡಿಸುವುದು. ಕಣ್ಣಿಗೆ ಎರಡೂ ಕಾಲು ಆರಾಮಾಗಿ ಆಡಿದಂತೆ ಕಾಣುತ್ತದೆ. ಕಾಲು ಕೈ ಕಳೆದುಕೊಂಡವರಿಗೆ ಇಲ್ಲದ ಅಂಗದಲ್ಲಿ ನೋವು ಬರುವಾಗ ಈ ಕನ್ನಡಿ ಉಪಾಯವನ್ನು 1990ರ ದಶಕದಲ್ಲಿ ತೋರಿಸಿದವರು ಚೆನ್ನೈಯಲ್ಲಿ ಓದಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್. ಫ್ಲೇರ್ ಸಮಯದಲ್ಲಿ ಕನ್ನಡಿ ನೋಡಿದರೂ ನೋವು ಏರಿದರೆ ಒಂದು ಮೆಟ್ಟಿಲು ಕೆಳಗೆ ಇಳಿಯಿರಿ. ಕಣ್ಣು ಮುಚ್ಚಿ ಪಾದ ಆಡಿಸುವುದನ್ನು ಬರೀ ಕಲ್ಪಿಸಿಕೊಳ್ಳಿ. ಅದೂ ಆಗದಿದ್ದರೆ ಪತ್ರಿಕೆಯಲ್ಲೋ ಮೊಬೈಲಲ್ಲೋ ಪಾದದ ಚಿತ್ರ ನೋಡಿ ಇದು ಎಡವೋ ಬಲವೋ ಅಂತ ಗುರುತಿಸಿ. ಸುಮ್ನೆ ಆಟದಂತೆ ಕಾಣುತ್ತದೆ, ಆದರೆ ಇದೂ ಚಿಕಿತ್ಸೆಯ ಭಾಗವೇ.

ಮಲ್ಪೆ ಬೋಟ್ ಮೆಕ್ಯಾನಿಕ್

ಅಕ್ಕ, ನಿಮ್ಮ ಪೋಸ್ಟ್ ಓದಿ ಎದ್ದು ಕೂತೆ. ನನ್ನದು ಎಡಗಾಲು. ಬಂದರಿನಲ್ಲಿ ಇಂಜಿನ್ ಇಳಿಸುವಾಗ ಪಾದದ ಮೇಲೆ ಬಿತ್ತು. ಗಾಯ ಮಾಗಿತು, ನೋವು ಉಳಿಯಿತು. ಮೂರನೇ ಮಳೆಗಾಲ ಇದು. ಫಿಸಿಯೋ ಮೇಡಂ ಹೇಳಿದ್ದು ಸತ್ಯ. ನಾನು ಮನೆಯ ಒಳಗಿನ ಸಂಗತಿ ಹೇಳುತ್ತೇನೆ, ಯಾಕೆಂದರೆ ರಾತ್ರಿ ಎರಡು ಗಂಟೆಗೆ ಬೇಕಾಗುವುದು ಅದೇ.

ನಿದ್ದೆಗೆ ಮೊದಲು ದಾರಿ ಮಾಡಿ. ಅಂಗಡಿಯಿಂದ ದೊಡ್ಡ ರಟ್ಟಿನ ಪೆಟ್ಟಿಗೆ ತಂದು ಒಂದು ಬದಿ ಕತ್ತರಿಸಿ ಹಾಸಿಗೆಯ ಕಾಲ ಕಡೆ ಇಡಿ. ಪಾದ ಅದರ ಒಳಗೆ, ಹೊದಿಕೆ ಅದರ ಮೇಲೆ. ಬಟ್ಟೆ ತಾಗುವುದಿಲ್ಲ, ಚಳಿಯೂ ಆಗುವುದಿಲ್ಲ. ಫ್ಯಾನ್ ಬೇಕೇ ಬೇಕಾದರೆ ಗಾಳಿ ತಲೆಯ ಕಡೆ ಬರುವ ಹಾಗೆ ಮಲಗಿ. ನನಗೆ ಈ ಪೆಟ್ಟಿಗೆ ಮಾಡಿದ ಉಪಕಾರ ದೊಡ್ಡದು.

ನೆಲಕ್ಕೆ ಗೋಣಿಚೀಲ ಅಥವಾ ದಪ್ಪ ಮ್ಯಾಟ್ ಹಾಕಿ. ಮಂಚದಿಂದ ಬಚ್ಚಲಿನವರೆಗೆ ಒಂದು ದಾರಿ ಹಾಸಿದರೆ ಸಾಕು. ಒಳಗೂ ಮೆತ್ತನೆ ಚಪ್ಪಲಿ ಹಾಕಿ. ಸಡಿಲ ಹತ್ತಿ ಸಾಕ್ಸ್ ಇಟ್ಟುಕೊಳ್ಳಿ, ಎಲಾಸ್ಟಿಕ್ ಬಿಗಿ ಇರಬಾರದು. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ ಅಲ್ವಾ, ಅದಕ್ಕೆ ಸಾಕ್ಸ್ ನಾಲ್ಕೈದು ಜೊತೆ ಬೇಕು. ಒದ್ದೆ ಸಾಕ್ಸ್‌ಗಿಂತ ಬರಿಗಾಲು ಮೇಲು. ಹಂಡೆಯ ನೀರನ್ನು ಕಾಲಿಗೆ ಹೊಯ್ಯುವ ಮೊದಲು ಕೈಯಲ್ಲಿ ಮುಟ್ಟಿ ನೋಡಿ. ಈ ಪಾದಕ್ಕೆ ಬಿಸಿ ಎಷ್ಟು ಅಂತ ಸರಿಯಾಗಿ ಗೊತ್ತಾಗುವುದಿಲ್ಲ, ಸುಟ್ಟುಕೊಂಡರೆ ಇನ್ನೊಂದು ಕಷ್ಟ.

ಸ್ಪರ್ಶ ಅಭ್ಯಾಸ ಮಾಡಿಸಲು ನನಗೆ ಹೇಳಿದ್ದು ಹೀಗೆ: ನೋವಿಲ್ಲದ ಜಾಗದಿಂದ, ಅಂದರೆ ಮೊಣಕಾಲಿನ ಕೆಳಗಿನಿಂದ ಶುರು ಮಾಡಿ, ಹಳೆಯ ಮೆತ್ತಗಿನ ಸೀರೆ ತುಂಡಿನಿಂದ ನಿಧಾನ ಸವರುತ್ತಾ ಕೆಳಗೆ ಬರುವುದು. ನೋವಿನ ಗಡಿಯವರೆಗೆ ಬಂದು ಅಲ್ಲೇ ನಿಲ್ಲಿಸುವುದು. ಒಂದೆರಡು ನಿಮಿಷ, ದಿನಕ್ಕೆ ಕೆಲವು ಸಲ. ಸೀರೆ ಒಗ್ಗಿದ ಮೇಲೆ ಬೈರಾಸು. ಆಮೇಲೆ ಅಗಲದ ಪಾತ್ರೆಯಲ್ಲಿ ಕುಚ್ಚಲಕ್ಕಿ ಹಾಕಿ ಅದರೊಳಗೆ ಪಾದ ಇಟ್ಟು ಬೆರಳು ಆಡಿಸುವುದು. ಈಗ ಫ್ಲೇರ್ ಇದೆ, ನೀವು ಸೀರೆ ತುಂಡಿನಲ್ಲೇ ಇರಿ. ನಾನು ಬೇಸಗೆಯಲ್ಲಿ ಮಲ್ಪೆ ಬೀಚಿನ ಒಣ ಮರಳಿನಲ್ಲಿ ಸಂಜೆ ಬಿಸಿ ಇಳಿದ ಮೇಲೆ ನಡೆಯುತ್ತೇನೆ. ಅಷ್ಟು ದೂರ ಬರುತ್ತೇನೆ ಅಂತ ಮೊದಲ ವರ್ಷ ಅಂದುಕೊಂಡೇ ಇರಲಿಲ್ಲ.

ಇನ್ನೊಂದು. ನರದ ನೋವಿಗೆ ಕೊಡುವ ಪ್ರಿಗಾಬಾಲಿನ್ ಮಾತ್ರೆ ತಗೊಳ್ಳುವವರು ಸ್ಕೂಟರ್ ಬಗ್ಗೆ ಎಚ್ಚರ. ನನಗೆ ಶುರುವಿನಲ್ಲಿ ತಲೆ ತಿರುಗುತ್ತಿತ್ತು, ಕಲ್ಮಾಡಿ ದಾಟುವಾಗ ಕಣ್ಣು ಮಂಜಾಗುತ್ತಿತ್ತು. ಡಾಕ್ಟರಿಗೆ ಹೇಳಿದ ಮೇಲೆ ಡೋಸ್ ಬದಲಿಸಿದರು. ಅಲ್ಲಿವರೆಗೆ ಬಸ್ಸಿನಲ್ಲೇ ಓಡಾಡಿದೆ.

ಬ್ರಹ್ಮಾವರ ಕ್ಯಾಷಿಯರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೀನಖಂಡ ಊದಿಲ್ಲ, ಜ್ವರ ಇಲ್ಲ, ಗಾಯ ಇಲ್ಲ. ಮತ್ತೆ ಬಿದ್ದಿಲ್ಲ. ರಟ್ಟಿನ ಪೆಟ್ಟಿಗೆ ನಿನ್ನೆ ರಾತ್ರಿಯೇ ಮಾಡಿದೆ ಅಣ್ಣ, ಮಗ ಕತ್ತರಿಸಿ ಕೊಟ್ಟ. ನಡುವೆ ಸ್ವಲ್ಪ ನಿದ್ದೆ ಬಂತು.

ಎರಡು ಪ್ರಶ್ನೆ. ಮಾತ್ರೆಯನ್ನು ನಾನೇ ಒಂದು ಜಾಸ್ತಿ ಮಾಡಬಹುದಾ? ಪರಿಚಯದವರೊಬ್ಬರು ನರಕ್ಕೆ ಇಂಜೆಕ್ಷನ್ ಕೊಡಿಸಿ, ಆಪರೇಷನ್ ಮಾಡಿಸಿದರೆ ಹೋಗುತ್ತದೆ ಅನ್ನುತ್ತಾರೆ, ಅದು ಹೌದಾ? ಇನ್ನೊಂದು ವಿಷಯ ಬರೆಯಲೋ ಬೇಡವೋ ಅಂತ ಇತ್ತು. ಕೆಲವು ರಾತ್ರಿ ತುಂಬಾ ಕೆಟ್ಟ ಯೋಚನೆ ಬರುತ್ತದೆ. ಮನೆಯವರ ಮುಂದೆ ಅಳುವುದಿಲ್ಲ.

ಅನಸ್ತೇಷಿಯಾ, ಮಣಿಪಾಲ

ಮೇಡಂ, ನಾನು ನೋವಿನ ಚಿಕಿತ್ಸೆಯಲ್ಲಿ ಕೆಲಸ ಮಾಡುವ ವೈದ್ಯ. ಮಾತ್ರೆಯನ್ನು ನೀವಾಗಿ ಹೆಚ್ಚಿಸಬೇಡಿ, ನೀವಾಗಿ ನಿಲ್ಲಿಸಲೂ ಬೇಡಿ. ಗಾಬಾಪೆಂಟಿನ್, ಪ್ರಿಗಾಬಾಲಿನ್, ಅಮಿಟ್ರಿಪ್ಟಿಲಿನ್ ಇಂಥ ನರನೋವಿನ ಮಾತ್ರೆಗಳನ್ನು ಮೆಲ್ಲಗೆ ಏರಿಸಬೇಕು, ಮೆಲ್ಲಗೆ ಇಳಿಸಬೇಕು. ಕಿಡ್ನಿ ತೊಂದರೆ ಇದ್ದವರಿಗೆ ಮೊದಲೆರಡರ ಡೋಸೇ ಬೇರೆ. ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ತಂದು ವಾರಗಟ್ಟಲೆ ನುಂಗುವುದು ಹೊಟ್ಟೆಗೂ ಕಿಡ್ನಿಗೂ ಕೆಟ್ಟದ್ದು. ನಿಮ್ಮ ಡಾಕ್ಟರ್ ಬರುವವರೆಗೆ ಅವರ ಕ್ಲಿನಿಕ್ಕಿಗೆ ಫೋನ್ ಮಾಡಿ, ಬದಲಿಗೆ ನೋಡುವ ವೈದ್ಯರು ಯಾರು ಅಂತ ಕೇಳಿ. ಫ್ಲೇರ್‌ಗೆ ಆಗಾಗ ಡೋಸ್ ಹೊಂದಿಸಬೇಕಾಗುತ್ತದೆ, ಅದಕ್ಕಾಗಿ ಒಂದು ವಾರ ನರಳಬೇಕಾಗಿಲ್ಲ.

ಇಂಜೆಕ್ಷನ್ ಬಗ್ಗೆ. ಪಾದದ ನೋವಿಗೆ ಸೊಂಟದ ಹತ್ತಿರದ ಸಿಂಪಥೆಟಿಕ್ ನರಗಳಿಗೆ (ರಕ್ತನಾಳ, ಬೆವರನ್ನು ನಿಯಂತ್ರಿಸುವ ನರಗಳು) ಬ್ಲಾಕ್, ಅಂದರೆ ಮರಗಟ್ಟಿಸುವ ಇಂಜೆಕ್ಷನ್, ಕೊಡುವುದುಂಟು. ಕೆಲವರಿಗೆ ಅದರಿಂದ ಫಿಸಿಯೋ ಮಾಡಲು ಬಿಡುವು ಸಿಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಬೇರೆ ಏನೂ ಹಿಡಿಯದಿದ್ದಾಗ ಬೆನ್ನುಹುರಿಯ ಹತ್ತಿರ ಸಣ್ಣ ವಿದ್ಯುತ್ ಸಾಧನ ಕೂರಿಸುವುದೂ ಇದೆ, ಅದು ದುಬಾರಿ, ಎಲ್ಲರಿಗೂ ಅಲ್ಲ. ನೋವು ಹೋಗಲಿ ಅಂತ ಪಾದವನ್ನೇ ಕೊಯ್ಯಿಸುವ ಆಪರೇಷನ್‌ಗೆ ಯಾರಾದರೂ ಹೇಳಿದರೆ ಮೊದಲು ಪೇನ್ ಕ್ಲಿನಿಕ್‌ನಲ್ಲಿ ಇನ್ನೊಬ್ಬರ ಅಭಿಪ್ರಾಯ ಕೇಳಿ. ಹೊಸ ಕೊಯ್ತ ಹೊಸ ಫ್ಲೇರ್‌ಗೆ ಕಾರಣ ಆಗಬಹುದು. ಬೇರೆ ಯಾವುದೋ ಕಾರಣಕ್ಕೆ ಆಪರೇಷನ್ ಬೇಕೇ ಆದರೆ ಅನಸ್ತೇಷಿಯಾದವರಿಗೆ ಸಿಆರ್‌ಪಿಎಸ್ ಇದೆ ಅಂತ ತಪ್ಪದೆ ಹೇಳಿ.

"ಜಾಸ್ತಿ ಯೋಚನೆ ಮಾಡ್ತೀರಿ" ಅಂದವರ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡು ತಗುಲಿದ ಸೈನಿಕರ ಉರಿನೋವನ್ನು ಸೈಲಸ್ ವೇಯರ್ ಮಿಚೆಲ್ ಎಂಬ ವೈದ್ಯ 1860ರ ದಶಕದಲ್ಲೇ ದಾಖಲಿಸಿದ್ದರು. ಈಗಿನ ಹೆಸರು ಬಂದದ್ದು 1994ರಲ್ಲಿ. ರಕ್ತಪರೀಕ್ಷೆ, ಸ್ಕ್ಯಾನ್ ಯಾವುದೂ ಇದನ್ನು ಒಂದೇ ಸಲಕ್ಕೆ ಸಾಬೀತು ಮಾಡುವುದಿಲ್ಲ. ಇದನ್ನು ಗುರುತಿಸಲು ಬುಡಾಪೆಸ್ಟ್ ಮಾನದಂಡ ಅಂತ ಇದೆ. ಸ್ಪರ್ಶ, ಬಣ್ಣ ಮತ್ತು ಬಿಸಿ, ಊತ ಮತ್ತು ಬೆವರು, ಚಲನೆ ಜೊತೆಗೆ ಉಗುರು ಕೂದಲು ಚರ್ಮ. ಈ ನಾಲ್ಕು ಗುಂಪಿನಲ್ಲಿ ರೋಗಿ ಹೇಳುವುದು ಮೂರರಲ್ಲಿ, ವೈದ್ಯರ ಕಣ್ಣಿಗೆ ಕಾಣುವುದು ಎರಡರಲ್ಲಾದರೂ ಇರಬೇಕು, ಬೇರೆ ಕಾರಣ ಇರಬಾರದು. ನಿಮ್ಮ ಡಾಕ್ಟರ್ ಎರಡೂ ಪಾದ ಇಡಿಸಿ ನೋಡಿದ್ದು ಅದಕ್ಕೇ. ಎಕ್ಸ್‌ರೇ ಚೆನ್ನಾಗಿದೆ ಅಂದರೆ ನೋವು ಸುಳ್ಳು ಅಂತಲ್ಲ.

ಕಾರ್ಕಳದಿಂದ

ಅಕ್ಕ, ಕೊನೆಯ ಸಾಲು ಬರೆದಿದ್ದು ಒಳ್ಳೆಯದಾಯಿತು. ನನ್ನ ಗಂಡನಿಗೆ ಇದೇ ಕಾಯಿಲೆ. ಅವರೂ ನಮ್ಮ ಮುಂದೆ ಅಳುತ್ತಿರಲಿಲ್ಲ. ರಾತ್ರಿ ಅಂಗಳದಲ್ಲಿ ಒಬ್ಬರೇ ಕೂತಿರುತ್ತಿದ್ದರು. ಈ ನೋವಿನಲ್ಲಿ ಕೆಟ್ಟ ಯೋಚನೆ ಬರುವುದು ನಿಮ್ಮೊಬ್ಬರಿಗೆ ಅಲ್ಲ. ಡಾಕ್ಟರಿಗೆ ನೋವಿನ ಜೊತೆ ಇದನ್ನೂ ಹೇಳಲೇಬೇಕು, ಇದಕ್ಕೂ ಚಿಕಿತ್ಸೆ ಉಂಟು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಮನೆಯವರನ್ನು ಆ ಹೊತ್ತಿಗೇ ಎಬ್ಬಿಸಿ. ಒಬ್ಬರೇ ಇರಬೇಡಿ.

ಮನೆಯವರಿಗೆ ಈ ಚರ್ಚೆ ತೋರಿಸಿ. ನಾವು ಮಾಡಿದ್ದು ಏನೆಂದರೆ, ಅವರು ಆರಾಮಿದ್ದ ಒಂದು ದಿನ ಕೂತು ಫ್ಲೇರ್ ಬಂದರೆ ಯಾರು ಏನು ಮಾಡಬೇಕು ಅಂತ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದೆವು. ನೀರು ಸೇದುವುದು ಮಗಳು. ಅಂಗಡಿ ಸಾಮಾನು ನಾನು. ತರಕಾರಿ ಹೆಚ್ಚುವುದು ಅವರೇ, ಕೂತು ಮಾಡಬಹುದಲ್ವಾ. ಪೂರ್ತಿ ಕೆಲಸ ಬಿಡಿಸಿದರೆ ಅವರಿಗೆ ಬೇಜಾರು ಜಾಸ್ತಿ ಆಗುತ್ತಿತ್ತು. ಮಂಚಕ್ಕೆ ಯಾರೂ ಕೈ ತಾಗಿಸಬಾರದು, ನೋವು ಹೇಗುಂಟು ಅಂತ ಗಂಟೆಗೊಮ್ಮೆ ಕೇಳಬಾರದು ಅಂತಲೂ ಬರೆದಿದ್ದೇವೆ. ನಿಮ್ಮ ಅತ್ತೆಗೆ ಎಣ್ಣೆ ಬೇಡ ಅಂದರೆ ಬೇಸರ ಆಗಬಹುದು. ಅವರಿಗೆ ಬೇರೆ ಕೆಲಸ ಕೊಡಿ. ಕಾಲು ಬೆಚ್ಚಗಿಡಲು ಹಳೆ ಸೀರೆಯಲ್ಲಿ ಮೆತ್ತಗಿನ ಚೀಲ ಹೊಲಿದು ಕೊಡಿ ಅಂತ ಕೇಳಿ. ನನ್ನ ಅತ್ತೆ ಹೊಲಿದ ಚೀಲ ಈಗಲೂ ನಮ್ಮಲ್ಲಿದೆ.

ಬ್ರಹ್ಮಾವರ ಕ್ಯಾಷಿಯರ್

ಕ್ಲಿನಿಕ್ಕಿಗೆ ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ಬೇರೆ ಡಾಕ್ಟರ್ ನೋಡುತ್ತಾರಂತೆ. ನಿನ್ನೆ ರಾತ್ರಿ ಇವರಿಗೆ ಎಲ್ಲ ಹೇಳಿದೆ, ಇಬ್ಬರೂ ಅತ್ತೆವು. ನಾಳೆ ಅವರೇ ಜೊತೆಗೆ ಬರುತ್ತಾರೆ. ರಜೆ ಪೂರ್ತಿ ತಗೊಳ್ಳುವುದಿಲ್ಲ, ಅರ್ಧ ದಿನ ಕೌಂಟರಿನಲ್ಲಿ ಕೂರುತ್ತೇನೆ ಅಂತ ಮ್ಯಾನೇಜರ್ ಹತ್ತಿರ ಮಾತಾಡಿದ್ದೇನೆ. ಆದರೆ ಕೌಂಟರಿನ ಕುರ್ಚಿ ಎತ್ತರ, ಕಾಲು ನೇತಾಡಿದರೆ ಬಣ್ಣ ಕಪ್ಪಾಗುತ್ತದೆ. ಸ್ಟೂಲ್ ಇಡಲಾ?

ಸುರತ್ಕಲ್ ಫಿಸಿಯೋ

ಇಡಿ, ಮೇಲೆ ದಪ್ಪ ಸ್ಪಂಜು ಹಾಸಿ. ಆದರೆ ಇಡೀ ಹೊತ್ತು ಒಂದೇ ಭಂಗಿಯಲ್ಲಿ ಬೇಡ. ಅರ್ಧ ಗಂಟೆಗೊಮ್ಮೆ ಮೊಬೈಲಿನಲ್ಲಿ ಅಲಾರಂ ಇಟ್ಟು, ಕಾಲು ಕೆಳಗಿಳಿಸಿ ಅಂಗಾಲು ಪೂರ್ತಿ ನೆಲದ ಮ್ಯಾಟಿಗೆ ತಾಗಿಸಿ, ಹಿಮ್ಮಡಿ ಮೇಲೆ ಕೆಳಗೆ ಐದಾರು ಸಲ ಮಾಡಿ, ಮತ್ತೆ ಮೇಲಿಡಿ. ಪಾದ ನೆಲ ಮುಟ್ಟುವ ಕುರ್ಚಿ ಇದ್ದರೆ ಅದನ್ನೇ ಕೇಳಿ ಪಡೆಯಿರಿ. ನಾಳೆ ಹೋಗುವಾಗ ಪಾದ ಕೆಂಪಾದಾಗಿನ ಮತ್ತು ನೀಲಿಯಾದಾಗಿನ ಎರಡೂ ಫೋಟೋ ತೆಗೆದುಕೊಂಡು ಹೋಗಿ, ಎಡಪಾದ ಪಕ್ಕದಲ್ಲಿಟ್ಟು ತೆಗೆಯಿರಿ. ಡಾಕ್ಟರ್ ನೋಡುವ ಹೊತ್ತಿಗೆ ಬಣ್ಣ ಮಾಮೂಲಿಯಾಗಿ ಇರುವುದು ಬಹಳ ಸಲ ಆಗುತ್ತದೆ. ಈಗ ತಗೊಳ್ಳುವ ಎಲ್ಲ ಮಾತ್ರೆಯ ಚೀಟಿಯೂ ಕೈಯಲ್ಲಿರಲಿ. ಏನು ಹೇಳಿದರು ಅಂತ ಇಲ್ಲಿ ಬರೆಯಿರಿ ಅಕ್ಕ, ಕಾಯುತ್ತಿರುತ್ತೇವೆ.